ವಿಶ್ವ ಆರ್ಥಿಕತೆ ಅರ್ಥ ಆಗ್ಬೇಕಾ? ಒಂದು ಕಾಫಿ ಮೂಟೆ ಹಿಂದೆ ಹೋಗಿ

2024ರ ಏಪ್ರಿಲ್‌ನಲ್ಲಿ ನಮ್ಮ ಡಿಗ್ರಿ ಮಕ್ಕಳಿಗೆ ಒಂದು ಟೆಸ್ಟ್ ಕೊಟ್ಟಿದ್ದೆ, ಪ್ರಶ್ನೆ ಎಲ್ಲರಿಗೂ ಗೊತ್ತಿರೋದೇ, ‘ವಿಶ್ವ ಆರ್ಥಿಕತೆಯ ಇಂದಿನ ಸಮಸ್ಯೆಗಳನ್ನು ವಿವರಿಸಿ’ ಅಂತ. ಸಕಲೇಶಪುರ ಕಡೆ ಹುಡುಗ ಒಬ್ಬ ಎಂಟು ಪಾಯಿಂಟ್ ಬರೆದಿದ್ದ. ಹಣದುಬ್ಬರ, ಸಾಲ, ಯುದ್ಧ, ಹವಾಮಾನ ಬದಲಾವಣೆ, ಹೀಗೆ ಒಂದೊಂದಕ್ಕೂ ಎರಡೆರಡು ಸಾಲು, ಗೈಡಲ್ಲಿ ಇದ್ದಂಗೇ. ತಪ್ಪು ಅನ್ನೋಕೆ ಏನೂ ಇರ್ಲಿಲ್ಲ, ಆದ್ರೆ ಓದಿದ್ರೆ ಮನಸ್ಸಿಗೆ ಏನೂ ತಟ್ಟಲ್ಲ. ಪೇಪರ್ ಕೊಟ್ಟು ಹೊರಗೆ ಹೋದವನು ವರಾಂಡದಲ್ಲಿ ನಿಂತ್ಕೊಂಡು ಫೋನಲ್ಲಿ ಹೇಳ್ತಾ ಇದ್ದ, "ಅಪ್ಪಾ, ಕಾಫಿ ಇವತ್ತೇ ಕೊಡ್ಬೇಡಿ, ಲಂಡನ್ ರೇಟ್ ಇನ್ನೂ ಏರ್ತಾ ಇದೆ, ವಿಯೆಟ್ನಾಂನಲ್ಲಿ ಮಳೆ ಇಲ್ವಂತೆ, ನಾಕು ದಿನ ನೋಡೋಣ."

ಒಳಗೆ ಬರೆದ ಎಂಟೂ ಪಾಯಿಂಟ್ ಆ ಒಂದು ಮಾತಲ್ಲಿ ಇತ್ತು. ಅವನಿಗೆ ವಿಶ್ವ ಆರ್ಥಿಕತೆ ಚೆನ್ನಾಗೇ ಗೊತ್ತು, ಆದ್ರೆ ಪರೀಕ್ಷೆಲಿ ಬರೆಯೋದು ಬೇರೆ ಯಾವುದೋ ವಿಷಯ ಅಂತ ಅಂದ್ಕೊಂಡುಬಿಟ್ಟಿದ್ದ. ಆವತ್ತಿಂದ ನಾನು ಈ ಪಾಠ ಶುರು ಮಾಡೋ ರೀತಿನೇ ಬದಲಾಯಿಸಿದೀನಿ. ಬಿಎ, ಬಿಕಾಂ, ಎಂಎ ಓದ್ತಿರೋರು, ಕೆಎಎಸ್‌ಗೆ ಕೂತಿರೋರು ಯಾರಾದ್ರೂ ಆಗ್ಲಿ, ನಾನು ಹೇಳೋದು ಇಷ್ಟೇ: ಹೆಡ್ಡಿಂಗ್ ಉರು ಹೊಡೀಬೇಡಿ, ಒಂದು ವಸ್ತುವಿನ ಬೆಲೆ ಹಿಡ್ಕೊಳ್ಳಿ, ಅದು ಎಲ್ಲಿಂದ ಹುಟ್ಟತ್ತೆ ಅಲ್ಲಿ ತನಕ ಅದರ ಹಿಂದೆ ಹೋಗಿ. ನಾನು ಇಲ್ಲಿ ಕಾಫಿ ತಗೋತೀನಿ, ಯಾಕಂದ್ರೆ ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ನೀವು ಬೇಕಾದ್ರೆ ತಾಳೆ ಎಣ್ಣೆ ತಗೊಳ್ಳಿ, ಚಿನ್ನ ತಗೊಳ್ಳಿ, ಪೊಟ್ಯಾಷ್ ಗೊಬ್ಬರ ತಗೊಳ್ಳಿ, ವಿಧಾನ ಒಂದೇ.

ಮೊದಲ ಕೆಲಸ: ಯೂನಿಟ್ ಅರ್ಥ ಮಾಡ್ಕೊಳ್ಳಿ

ಮಕ್ಕಳು ಅರ್ಧಕ್ಕರ್ಧ ಎಡವೋದು ಇಲ್ಲೇ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ರೋಬಸ್ಟಾ, ಅರೇಬಿಕಾ. ರೋಬಸ್ಟಾ ರೇಟ್ ತೀರ್ಮಾನ ಆಗೋದು ಲಂಡನ್ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡೋ ಸರಕಿಗೆ ಇವತ್ತೇ ಬೆಲೆ ಗೊತ್ತು ಮಾಡೋ ಜಾಗ), ಒಂದು ಟನ್‌ಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ, ಒಂದು ಪೌಂಡ್‌ಗೆ ಇಷ್ಟು ಸೆಂಟ್ ಅಂತ. ನಮ್ಮೂರಲ್ಲಿ ವ್ಯಾಪಾರ ನಡೆಯೋದು 50 ಕೇಜಿ ಮೂಟೆ ಲೆಕ್ಕದಲ್ಲಿ, ಅದೂ ಚೆರಿನಾ (ಹಣ್ಣನ್ನ ಸಿಪ್ಪೆ ಸಮೇತ ಒಣಗಿಸಿದ್ದು) ಪಾರ್ಚ್‌ಮೆಂಟಾ (ತಿರುಳು ತೆಗೆದು ಒಣಗಿಸಿದ್ದು) ಅಂತ ಬೇರೆ. ಈ ಮೂರನ್ನೂ ಒಂದೇ ಅಳತೆಗೆ ತರದೆ ‘ಬೆಲೆ ಏರಿತು’ ಅಂತ ಬರೆದ್ರೆ ಏನೂ ಹೇಳಿದಂಗೆ ಆಗಲ್ಲ.

ಪೆನ್ನು ತಗೊಂಡು ಒಂದ್ಸಲ ಲೆಕ್ಕ ಮಾಡೋಣ. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ರೋಬಸ್ಟಾ ಟನ್‌ಗೆ 5,000 ಡಾಲರ್ ದಾಟಿತ್ತು. ಡಾಲರ್‌ಗೆ 84 ರೂಪಾಯಿ ಅಂತ ಇಟ್ಕೊಳ್ಳಿ, ಟನ್‌ಗೆ 4,20,000 ರೂಪಾಯಿ, ಅಂದ್ರೆ ಕೇಜಿಗೆ 420. ಇದು ಸಿಪ್ಪೆ ತೆಗೆದು ಕ್ಲೀನ್ ಆದ ಬೀಜದ ರೇಟು. ಕಣದಲ್ಲಿ ಒಣಗಿಸಿದ ಚೆರಿ ಮೂಟೆಯಲ್ಲಿ ಸಿಪ್ಪೆ ಇನ್ನೂ ಇರತ್ತೆ, 50 ಕೇಜಿ ಹಾಕಿದ್ರೆ ಕ್ಲೀನ್ ಬೀಜ 26 ಕೇಜಿ ಆಸುಪಾಸು ಸಿಗತ್ತೆ, ಬೆಳೆಗಾರರು ಇದನ್ನೇ ಔಟ್‌ಟರ್ನ್ ಅಥವಾ ಓಟಿ ಅಂತಾರೆ. 26 ಇಂಟು 420, ಒಟ್ಟು 10,920. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಕ್ಲೀನ್ ಮಾಡೋದು), ಲಾರಿ ಬಾಡಿಗೆ, ವ್ಯಾಪಾರಿ ಲಾಭ ಎಲ್ಲ ಕಳೆದ ಮೇಲೆ ಉಳಿಯೋದು ಬೆಳೆಗಾರರ ಕೈಗೆ. ಆ ವರ್ಷ ಕೊಡಗಲ್ಲಿ ಚೆರಿ ಮೂಟೆ 10,000 ದಾಟಿದ್ದು ಯಾಕೆ ಅಂತ ಈಗ ನಿಮ್ಮ ಪೆನ್ನಿಂದಾನೇ ಗೊತ್ತಾಯ್ತು. 2019-20ರಲ್ಲಿ ಇದೇ ಲಂಡನ್ ರೇಟು 1,200ರಿಂದ 1,400 ಡಾಲರ್ ಆಸುಪಾಸಲ್ಲಿ ಬಿದ್ದಿತ್ತು, ಅದಕ್ಕೂ ಇದೇ ಲೆಕ್ಕ ಹಾಕಿ ನೋಡಿ, ಆಗ ಡಾಲರ್ 70ರ ಆಸುಪಾಸು. ಎಷ್ಟು ಜನ ಯಾಕೆ ತೋಟ ಮಾರೋ ಯೋಚನೆ ಮಾಡಿದ್ರು ಅಂತ ಆ ಉತ್ತರ ನೋಡಿದ್ರೆ ಅರ್ಥ ಆಗತ್ತೆ.

ಈ ಲೆಕ್ಕ ಕೈಯಲ್ಲೇ ಮಾಡಿ, ಮೊಬೈಲ್‌ಗೆ ಕೊಡ್ಬೇಡಿ. ಒಂದ್ಸಲ ಮಾಡಿದವರಿಗೆ ವಿನಿಮಯ ದರದ ಅಧ್ಯಾಯ ಅರ್ಧ ಮುಗಿದಂಗೇ.

ಆಮೇಲೆ ಕೇಳ್ಬೇಕಾದ್ದು: ಯಾರಿಗೆ ಬೆಳೆ ಹೋಯ್ತು, ಯಾಕೆ ಹೋಯ್ತು

ಜಗತ್ತಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ಬ್ರೆಜಿಲ್, ಒಟ್ಟು ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಎರಡನೇದು ವಿಯೆಟ್ನಾಂ, ರೋಬಸ್ಟಾದಲ್ಲಿ ಅದೇ ನಂಬರ್ ಒನ್. ಇವೆರಡಕ್ಕೆ ನೆಗಡಿ ಆದ್ರೆ ಮಡಿಕೇರಿಲಿ ಸೀನು ಬರತ್ತೆ. 2021ರ ಜುಲೈನಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ಕಡೆ ಹಿಮ (ಫ್ರಾಸ್ಟ್) ಬಿದ್ದು ಗಿಡ ಸುಟ್ಟೋಯ್ತು, 2024ರಲ್ಲಿ ಅಲ್ಲೇ ದೊಡ್ಡ ಬರ. ವಿಯೆಟ್ನಾಂನ ಸೆಂಟ್ರಲ್ ಹೈಲ್ಯಾಂಡ್ಸ್‌ನಲ್ಲಿ 2023-24ರ ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗೋದು) ಹೊತ್ತಲ್ಲಿ ನೀರಿಲ್ಲದೆ ತೋಟ ಒಣಗಿತು.

ಇಲ್ಲಿಗೇ ನಿಲ್ಲಿಸ್ಬೇಡಿ, ನಂಗೆ ತುಂಬಾ ಇಷ್ಟದ ಜಾಗ ಈಗ ಬರತ್ತೆ. ವಿಯೆಟ್ನಾಂನಲ್ಲಿ ಕಾಫಿ ಕಡಿಮೆ ಆಗೋಕೆ ಬರ ಒಂದೇ ಕಾರಣ ಅಲ್ಲ, ರೈತರೇ ಕಾಫಿ ಕಿತ್ತು ಡುರಿಯನ್ ಹಣ್ಣು ಹಾಕಿದ್ರು, ನಮ್ಮ ಹಲಸಿನ ಹಂಗೆ ಮುಳ್ಳು ಮುಳ್ಳಾಗಿರತ್ತಲ್ಲ ಅದು. ಯಾಕೆ ಹಾಕಿದ್ರು? 2022ರಲ್ಲಿ ಚೀನಾ ವಿಯೆಟ್ನಾಂನಿಂದ ತಾಜಾ ಡುರಿಯನ್ ತರಿಸ್ಕೊಳ್ಳೋಕೆ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿತು, ಅಲ್ಲಿ ಆ ಹಣ್ಣಿಗೆ ಪ್ರಾಣ ಬಿಡೋ ಜನ, ಹಿಂಗಾಗಿ ಕಾಫಿಗಿಂತ ಎಷ್ಟೋ ಪಟ್ಟು ದುಡ್ಡು ಬರೋಕೆ ಶುರುವಾಯ್ತು. ಅಂದ್ರೆ ಶಾಂಘೈನಲ್ಲಿ ಒಬ್ಬರು ಊಟ ಆದ್ಮೇಲೆ ಡುರಿಯನ್ ತಿಂದಿದ್ದಕ್ಕೂ ಸೋಮವಾರಪೇಟೆಯಲ್ಲಿ ಒಬ್ಬರು ಮಗಳ ಮದುವೆ ಸಾಲ ತೀರಿಸಿದ್ದಕ್ಕೂ ನಂಟು ಇದೆ. ಅವಕಾಶ ವೆಚ್ಚ ಅಂತ ಪುಸ್ತಕದಲ್ಲಿ ಓದ್ತೀವಲ್ಲ, ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟ ಇನ್ನೊಂದರಿಂದ ಬರ್ಬಹುದಾಗಿದ್ದ ಲಾಭ ಅನ್ನೋದು, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಾನಂತೂ ನೋಡಿಲ್ಲ.

ಪೂರೈಕೆ ಬಗ್ಗೆ ಇನ್ನೊಂದು ಮಾತು, ಕಾಫಿ ಗಿಡ ನೆಟ್ಟು ಫಸಲು ಬರೋಕೆ ಮೂರ್ನಾಕು ವರ್ಷ ಬೇಕು. ರೇಟ್ ಇದೆ ಅಂತ ಎಲ್ಲರೂ ನೆಡ್ತಾರೆ, ನಾಕು ವರ್ಷ ಆದ್ಮೇಲೆ ಎಲ್ಲರ ಬೆಳೆನೂ ಒಟ್ಟಿಗೆ ಮಾರ್ಕೆಟ್‌ಗೆ ಬರತ್ತೆ, ರೇಟ್ ಕುಸಿಯತ್ತೆ. 1990ರ ದಶಕದಲ್ಲಿ ವಿಯೆಟ್ನಾಂ ಹಿಂಗೇ ಭರ್ಜರಿ ನೆಟ್ಟಿತು, 2001-02ರಲ್ಲಿ ನ್ಯೂಯಾರ್ಕ್ ರೇಟು ಪೌಂಡ್‌ಗೆ 50 ಸೆಂಟ್‌ಗಿಂತ ಕೆಳಗೆ ಹೋಯ್ತು, ಕೊಡಗು ವಯನಾಡಲ್ಲಿ ಆ ವರ್ಷಗಳನ್ನ ಕಂಡ ಹಿರಿಯರನ್ನ ಕೇಳಿ ನೋಡಿ, ಅವರ ಮುಖದಲ್ಲೇ ಗೊತ್ತಾಗತ್ತೆ. ಪುಸ್ತಕದಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತ ಅಂತಾರೆ. ಅದಕ್ಕೂ ಮುಂಚೆ ಉತ್ಪಾದಕ ದೇಶಗಳೂ ಕೊಳ್ಳೋ ದೇಶಗಳೂ ಕೂತು 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡ್ಕೊಂಡಿದ್ವು, ಯಾರು ಎಷ್ಟು ರಫ್ತು ಮಾಡ್ಬೇಕು ಅಂತ ಕೋಟಾ ಇತ್ತು. 1989ರ ಜುಲೈನಲ್ಲಿ ಆ ಕೋಟಾ ಮುರಿದು ಬಿತ್ತು. ನಮ್ಮಲ್ಲೂ ಕಾಫಿ ಬೋರ್ಡ್‌ಗೇ ಕಾಫಿ ಕೊಡ್ಬೇಕು ಅನ್ನೋ ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತ ಹಂತವಾಗಿ ಹೋಯ್ತು. ಜಾಗತೀಕರಣ, ಉದಾರೀಕರಣ ಅಂತ ಬರೀತೀರಲ್ಲ, ಈ ಎರಡು ವಾಕ್ಯ ಅಲ್ಲಿ ಸೇರಿಸಿ, ನಿಮ್ಮ ಉತ್ತರ ಬೇರೆಯವರ ಉತ್ತರದ ಹಂಗೆ ಇರಲ್ಲ.

ದುಡ್ಡಿನ ದಾರಿ

ಈಗ ಅದೇ 5,000 ಡಾಲರ್ ಹಾಗೇ ಇರ್ಲಿ, ರೂಪಾಯಿ ಮಾತ್ರ ಬದಲಾಯಿಸಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಕೇಜಿಗೆ 450, ಮೂಟೆಗೆ 11,700. ಲಂಡನ್‌ನಲ್ಲಿ ಒಂದು ಪೈಸೆ ಏರದಿದ್ರೂ ಮೂಟೆಗೆ 780 ರೂಪಾಯಿ ಜಾಸ್ತಿ. ಇದನ್ನ ನೋಡಿ ‘ರೂಪಾಯಿ ಬಿದ್ರೆ ರಫ್ತಿಗೆ ಒಳ್ಳೇದು’ ಅಂತ ಬರೆದು ಮುಗಿಸ್ತಾರೆ. ಆದ್ರೆ ಅದೇ ತೋಟಕ್ಕೆ ಹಾಕೋ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿಂದಾನೇ ಬರೋದು, ಅದನ್ನ ಹೆಚ್ಚು ತೆಗೆಯೋದು ಕೆನಡಾ, ರಷ್ಯಾ, ಬೆಲಾರೂಸ್. ಗೊಬ್ಬರದ ಬಿಲ್ಲೂ ಡಾಲರ್‌ನಲ್ಲೇ, ಡೀಸೆಲ್ ಕೂಡ ಹಂಗೇ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಗೊಬ್ಬರದ ರೇಟು ಏರಿದ್ದು ನೆನಪಿರ್ಬೇಕಲ್ಲ. ಎರಡೂ ಕಡೆ ಬರೆದು ಆಮೇಲೆ ಯಾವ ಕಡೆ ತೂಕ ಜಾಸ್ತಿ ಅಂತ ಹೇಳಿ.

ಬೇರೆ ದೇಶದ ಕರೆನ್ಸಿನೂ ನೋಡ್ಬೇಕು, ಇದನ್ನ ಬಹಳ ಜನ ಮರೀತಾರೆ. ಬ್ರೆಜಿಲ್ ದುಡ್ಡು ರಿಯಾಲ್, 2024ರ ಕೊನೆಗೆ ಅದು ಡಾಲರ್‌ಗೆ 6 ದಾಟಿತು. ಅದು ಬಿದ್ರೆ ಅಲ್ಲಿನ ಬೆಳೆಗಾರನಿಗೆ ಅದೇ ಡಾಲರ್ ರೇಟಲ್ಲೇ ಜಾಸ್ತಿ ರಿಯಾಲ್ ಸಿಗತ್ತೆ, ಮಾರೋಣ ಅಂತ ಗೋಡೌನ್ ತೆಗೀತಾನೆ, ಕಾಫಿಯ ಡಾಲರ್ ರೇಟ್ ಇಳಿಯೋ ಒತ್ತಡ ಬೀಳತ್ತೆ. ಹಿಂಗಾಗಿ ನಮ್ಮ ಬೆಳೆಗಾರರ ಆದಾಯ ರಿಸರ್ವ್ ಬ್ಯಾಂಕ್ ಕೈಲಿ ಎಷ್ಟಿದೆಯೋ ಬ್ರೆಜಿಲ್‌ನ ಸೆಂಟ್ರಲ್ ಬ್ಯಾಂಕ್ ಕೈಲೂ ಅಷ್ಟಿಷ್ಟು ಇದೆ.

ಬಡ್ಡಿ ದರಕ್ಕೂ ಕಾಫಿಗೂ ಏನ್ ಸಂಬಂಧ ಅಂತ ಮಕ್ಕಳು ಕೇಳ್ತಾರೆ. ಕಾಫಿ ವ್ಯಾಪಾರಿಗಳು ದಾಸ್ತಾನು ಇಡೋದು ಸಾಲದ ದುಡ್ಡಲ್ಲಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ 2022ರ ಮಾರ್ಚ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ ಇದ್ದ ಬಡ್ಡಿನ 2023ರ ಜುಲೈ ಹೊತ್ತಿಗೆ 5.25ರಿಂದ 5.50 ಪರ್ಸೆಂಟ್‌ಗೆ ತಂದಿತು, ಆಗ ಗೋಡೌನಲ್ಲಿ ಮೂಟೆ ಪೇರಿಸಿಡೋದೇ ದುಬಾರಿ ಆಯ್ತು, ಕೊಳ್ಳೋರು ಇವತ್ತಿಗೆ ಬೇಕಾದಷ್ಟೇ ಕೊಳ್ಳೋಕೆ ಶುರು ಮಾಡಿದ್ರು. ದಾಸ್ತಾನು ತೆಳ್ಳಗಿದ್ದಾಗ ಒಂದು ಬರದ ಸುದ್ದಿ ಬಂದ್ರೂ ರೇಟು ಹಾರತ್ತೆ. ಬಡ್ಡಿ ಏರಿಸೋದು ಹಣದುಬ್ಬರ ತಗ್ಗಿಸೋಕೆ ಅಂತ ಓದಿರ್ತೀರಿ, ಪೂರೈಕೆ ಕಡೆಯಿಂದ ಬರೋ ಬೆಲೆ ಏರಿಕೆಗೆ ಆ ಮದ್ದು ಅಷ್ಟಾಗಿ ತಾಗಲ್ಲ ಅನ್ನೋದು ಇಲ್ಲಿ ಕಾಣತ್ತೆ.

ಹಡಗು, ಸುಂಕ, ಕಾಡು

ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿ ಇಟಲಿ. ಮಂಗಳೂರಿಂದ ಹೊರಟ ಕಂಟೇನರ್ ಕೆಂಪು ಸಮುದ್ರ ದಾಟಿ ಸೂಯೆಜ್ ಕಾಲುವೆಯಲ್ಲಿ ಹೋಗ್ಬೇಕು. 2023ರ ನವೆಂಬರ್‌ನಿಂದ ಯೆಮೆನ್‌ನ ಹೌತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ರು, ಕಂಪನಿಗಳು ಆಫ್ರಿಕಾ ಸುತ್ತಿ ಗುಡ್ ಹೋಪ್ ಭೂಶಿರದ ಮೇಲೆ ಹಡಗು ಕಳಿಸಿದ್ವು, ಹತ್ತು ಹದಿನಾಲ್ಕು ದಿನ ಜಾಸ್ತಿ, ಬಾಡಿಗೆ ಜಾಸ್ತಿ, ಕಂಟೇನರ್ ಸಿಗೋದೂ ಕಷ್ಟ. ಮ್ಯಾಪ್ ತೆಗೆದು ಬೆರಳಿಟ್ಟು ಆ ದಾರಿ ಒಂದ್ಸಲ ಎಳೀರಿ.

ಸುಂಕದ ವಿಷಯಕ್ಕೆ 2025ಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿತು, ಕಾಫಿಗೂ ಸೇರಿಸಿ. ಅಮೆರಿಕದಲ್ಲಿ ಹವಾಯಿ, ಪೋರ್ಟೊ ರಿಕೊ ಬಿಟ್ರೆ ಕಾಫಿ ಬೆಳೆಯೋದೇ ಇಲ್ಲ ಅನ್ಬಹುದು, ಅವರು ತರಿಸೋ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೆಜಿಲ್‌ದು. ಸುಂಕದಿಂದ ರಕ್ಷಣೆ ಸಿಗೋಕೆ ಅಲ್ಲಿ ದೇಶೀ ಬೆಳೆಗಾರರೇ ಹೆಚ್ಚುಕಮ್ಮಿ ಇಲ್ಲ, ಹಿಂಗಾಗಿ ಭಾರ ಬಂದಿದ್ದು ಕುಡಿಯೋರ ಮೇಲೆ. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಕಾಫಿ ಬೆಲೆ ಹಿಂದಿನ ವರ್ಷಕ್ಕಿಂತ ಸುಮಾರು 19 ಪರ್ಸೆಂಟ್ ಮೇಲಿತ್ತು, ನವೆಂಬರ್‌ನಲ್ಲಿ ಕಾಫಿಗೆ ವಿನಾಯಿತಿ ಕೊಟ್ರು. ಸುಂಕ ಯಾರ ಮೇಲೆ ಬೀಳತ್ತೆ ಅನ್ನೋದು ಸ್ಥಿತಿಸ್ಥಾಪಕತ್ವದ (ಬೆಲೆ ಏರಿದ್ರೆ ಜನ ಕೊಳ್ಳೋದು ಎಷ್ಟು ಕಡಿಮೆ ಆಗತ್ತೆ ಅನ್ನೋದರ) ಪ್ರಶ್ನೆ, ಬೆಳಿಗ್ಗೆ ಕಾಫಿ ಬಿಡೋಕೆ ಯಾರಿಗೂ ಆಗಲ್ಲ ಅನ್ನೋದು ಅದರ ಉತ್ತರ. ಹಾಗಂತ ಏರಿಕೆ ಪೂರ್ತಿ ಸುಂಕದ್ದೇ ಅಂತ ಬರೀಬೇಡಿ, 2024ರ ಬರದ ಪಾಲೂ ಅದರಲ್ಲಿತ್ತು.

ಯುರೋಪ್ ಕಡೆಯಿಂದ ಇನ್ನೊಂದು ಬರ್ತಾ ಇದೆ. 2020ರ ಡಿಸೆಂಬರ್ 31ರ ಆಮೇಲೆ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ ಅಂಥದ್ದನ್ನ ಒಳಗೆ ಬಿಡಲ್ಲ ಅಂತ 2023ರಲ್ಲಿ ಕಾನೂನು ಮಾಡಿದ್ರು, ಜಾರಿ ಮಾಡೋದನ್ನ ಎರಡು ಸಲ ಮುಂದಕ್ಕೂ ಹಾಕಿದಾರೆ. ತೋಟ ಎಲ್ಲಿದೆ ಅಂತ ಉಪಗ್ರಹದ ಗುರುತು ಕೊಡ್ಬೇಕು, 4 ಹೆಕ್ಟೇರ್ ಮೇಲಿದ್ರೆ ಸುತ್ತಲ ಗಡಿ ಪೂರ್ತಿ. ನಮ್ಮಲ್ಲಿ 98 ಪರ್ಸೆಂಟ್‌ಗಿಂತ ಹೆಚ್ಚು ಕಾಫಿ ಹಿಡುವಳಿಗಳು 10 ಹೆಕ್ಟೇರ್‌ಗಿಂತ ಚಿಕ್ಕವು. ಮರದ ನೆರಳಲ್ಲೇ ಕಾಫಿ ಬೆಳೆಯೋ ನಮ್ಮವರಿಗೆ ಕಾಡು ಉಳಿಸೋ ಕಾನೂನು ವರ ಆಗ್ಬೇಕಿತ್ತು, ಆದ್ರೆ ಪಹಣಿನೇ ಅಜ್ಜನ ಹೆಸರಲ್ಲಿ ಇರೋ ಎರಡೆಕರೆ ಬೆಳೆಗಾರ ದಾಖಲೆ ಎಲ್ಲಿಂದ ತರ್ತಾನೆ? ಈ ಖರ್ಚು ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಥರ ತಾಗಲ್ಲ, ಇದನ್ನ ಉತ್ತರದಲ್ಲಿ ಗಟ್ಟಿಯಾಗಿ ಬರೀರಿ.

ದಾಖಲೆ ಬೆಲೆ ಅಂದ್ರೆ ತಡೀರಿ

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಅರೇಬಿಕಾ ಪೌಂಡ್‌ಗೆ 4 ಡಾಲರ್ ದಾಟಿತು, ಎಲ್ಲ ಕಡೆ ‘ಇತಿಹಾಸದಲ್ಲೇ ಅತಿ ಹೆಚ್ಚು’ ಅಂತ ಸುದ್ದಿ. ಹಳೇ ದಾಖಲೆ 1977ರದ್ದು, 3 ಡಾಲರ್ 30 ಸೆಂಟ್‌ಗಿಂತ ಸ್ವಲ್ಪ ಮೇಲೆ, 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಹಿಮ ಬಿದ್ದು ತೋಟಕ್ಕೆ ತೋಟನೇ ಸತ್ತು ಹೋಗಿತ್ತಲ್ಲ, ಅದರ ಪರಿಣಾಮ. ಆದ್ರೆ ಅಮೆರಿಕದ ಬೆಲೆ ಮಟ್ಟ 1977ರಿಂದ ಈಚೆಗೆ ಐದು ಪಟ್ಟಿಗಿಂತ ಜಾಸ್ತಿ ಏರಿದೆ. ಆಗಿನ 3.30 ಅಂದ್ರೆ ಇವತ್ತಿನ ಲೆಕ್ಕದಲ್ಲಿ 16 ಡಾಲರ್‌ಗಿಂತ ಹೆಚ್ಚು! ಹೆಸರಿಗೆ ದಾಖಲೆ, ನೈಜ ಬೆಲೆಯಲ್ಲಿ ಹಳೇ ದಾಖಲೆಯ ಹತ್ರಕ್ಕೂ ಹೋಗಿಲ್ಲ. ಪ್ರತಿ ಸಲ ‘ಸಾರ್ವಕಾಲಿಕ’ ಅನ್ನೋ ಪದ ಕಂಡಾಗ ಈ ಭಾಗಾಕಾರ ಮಾಡಿ.

ನೋಟ್‌ಬುಕ್ ಹೇಗಿಡ್ಬೇಕು

ಉದ್ದ ನೋಟ್‌ಬುಕ್ ತಗೊಂಡು ಪುಟಕ್ಕೆ ಮೂರು ಕಾಲಂ ಎಳೀರಿ. ಒಂದರಲ್ಲಿ ತಾರೀಖು, ಲಂಡನ್ ರೇಟು, ಡಾಲರ್ ರೇಟು, ಊರಿನ ರೇಟು. ಎರಡನೇದರಲ್ಲಿ ಆ ವಾರ ಯಾಕೆ ಏರಿತು ಇಳೀತು ಅಂತ ಪೇಪರ್‌ನವರು, ವ್ಯಾಪಾರಿಗಳು ಹೇಳಿದ ಕಾರಣ. ಮೂರನೇದನ್ನ ಖಾಲಿ ಬಿಡಿ, ಮೂರು ತಿಂಗಳಾದ್ಮೇಲೆ ತಿರುಗಿ ಬಂದು ಆ ಕಾರಣ ನಿಂತಿತಾ ಬಿತ್ತಾ ಅಂತ ಬರೀರಿ. ವಾರಕ್ಕೊಂದು ಸಲ ಸಾಕು, ಇಪ್ಪತ್ತು ನಿಮಿಷದ ಕೆಲಸ. ಮೂರನೇ ಕಾಲಂ ತುಂಬೋಕೆ ಶುರುವಾದಾಗ ನಿಮಗೆ ಸ್ವಂತ ಅಭಿಪ್ರಾಯ ಅನ್ನೋದು ಬರತ್ತೆ. 2024ರಲ್ಲಿ ‘ಇನ್ನು ರೇಟ್ ಇಳಿಯೋದೇ ಇಲ್ಲ’ ಅಂತ ಎರಡನೇ ಕಾಲಂನಲ್ಲಿ ಬರೆದಿದ್ದವರು 2025ರ ಜುಲೈನಲ್ಲಿ ಲಂಡನ್ 3,500ರ ಕೆಳಗೆ ಬಂದಾಗ ಬಹಳ ಕಲಿತ್ರು.

ಅಂಕಿಅಂಶಕ್ಕೆ ಕಾಫಿ ಬೋರ್ಡ್ ದಿನದ ರೇಟ್ ಹಾಕತ್ತೆ, ಲಂಡನ್‌ನಲ್ಲಿರೋ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ತಿಂಗಳ ವರದಿ ಕೊಡತ್ತೆ, ಅಮೆರಿಕದ ಕೃಷಿ ಇಲಾಖೆ ಜೂನ್, ಡಿಸೆಂಬರ್‌ನಲ್ಲಿ ಜಗತ್ತಿನ ಕಾಫಿ ಲೆಕ್ಕ ಕೊಡತ್ತೆ. ವಿಶ್ವ ಬ್ಯಾಂಕ್‌ನ ಪಿಂಕ್ ಶೀಟ್‌ನಲ್ಲಿ 1960ರಿಂದ ತಿಂಗಳ ತಿಂಗಳ ಬೆಲೆ ಇದೆ, ಎಕ್ಸೆಲ್ ಫೈಲು, ಫ್ರೀ. ಒಟ್ಟಾರೆ ಜಗತ್ತಿನ ಬೆಳವಣಿಗೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಏಪ್ರಿಲ್, ಅಕ್ಟೋಬರ್‌ನಲ್ಲಿ ತರೋ ವರದಿಯ ಮೊದಲ ಅಧ್ಯಾಯ ಓದಿದ್ರೆ ಸಾಕು. ಇಂಗ್ಲಿಷ್ ಕಷ್ಟ ಅನ್ನೋರು ಟೇಬಲ್‌ಗಳಿಂದ ಶುರು ಮಾಡಿ, ಅಂಕಿಗೆ ಭಾಷೆ ಇಲ್ಲ.

ಉತ್ತರ ಬರೆಯೋದು

ಮೊದಲ ಪ್ಯಾರಾ ಹೀಗೆ ಇರ್ಲಿ: ‘2019-20ರಲ್ಲಿ ಟನ್‌ಗೆ 1,400 ಡಾಲರ್ ಆಸುಪಾಸಿನಲ್ಲಿದ್ದ ರೋಬಸ್ಟಾ ಕಾಫಿ 2024ರಲ್ಲಿ 5,000 ಡಾಲರ್ ದಾಟಿತು. ವಿಯೆಟ್ನಾಂನ ಬರ, ಬೆಳೆ ಬದಲಾವಣೆ, ದುಬಾರಿ ಸಾಲ, ಕೆಂಪು ಸಮುದ್ರದ ಬಿಕ್ಕಟ್ಟು ಇದರ ಹಿಂದಿವೆ. ಈ ಒಂದು ಬೆಲೆಯ ಮೂಲಕ ಇಂದಿನ ವಿಶ್ವ ಆರ್ಥಿಕತೆಯ ನಾಲ್ಕು ಸಮಸ್ಯೆಗಳನ್ನು ವಿವರಿಸಬಹುದು.’ ಆಮೇಲೆ ನಾಲ್ಕಕ್ಕೂ ಒಂದೊಂದು ಪ್ಯಾರಾ, ಒಂದೊಂದರಲ್ಲೂ ಒಂದು ವರ್ಷ, ಒಂದು ಅಂಕಿ, ಒಂದು ಸಿದ್ಧಾಂತ. ಅಂಕಿ ನೆನಪಿಲ್ದಿದ್ರೆ ದಯವಿಟ್ಟು ಕಟ್ಟಿ ಹೇಳ್ಬೇಡಿ, ದಿಕ್ಕು ಹೇಳಿ, ಏರಿತು ಇಳಿಯಿತು ಅಂತ. ಪರ್ಸೆಂಟ್ ಬೇರೆ, ಪರ್ಸೆಂಟೇಜ್ ಪಾಯಿಂಟ್ ಬೇರೆ, ಬಡ್ಡಿ 4ರಿಂದ 6ಕ್ಕೆ ಹೋದ್ರೆ 2 ಪಾಯಿಂಟ್ ಏರಿಕೆ, ಪರ್ಸೆಂಟ್‌ನಲ್ಲಿ 50.

ಕಾಫಿಯಲ್ಲಿ ಎಲ್ಲ ಸಿಗಲ್ಲ, ಮುಖ್ಯವಾಗಿ ದೇಶಗಳ ಸಾಲದ ವಿಷಯ ಸಿಗಲ್ಲ. ಅದಕ್ಕೆ ಎರಡನೇ ದಾರ ಹಿಡೀರಿ, ಶ್ರೀಲಂಕಾದಲ್ಲಿ ಒಂದು ಡಾಲರ್‌ಗೆ ಎಷ್ಟು ರೂಪಾಯಿ ಅನ್ನೋದು. 2022ರ ಶುರುವಲ್ಲಿ 200 ಆಸುಪಾಸು ಇದ್ದಿದ್ದು ಕೆಲವೇ ತಿಂಗಳಲ್ಲಿ 350 ದಾಟಿತು. ಅಲ್ಲಿಂದ ಹಿಂದಕ್ಕೆ ಹೋಗಿ: 2019ರ ಈಸ್ಟರ್ ಬಾಂಬ್ ದಾಳಿ, ಅದೇ ವರ್ಷದ ಕೊನೆಗೆ ವ್ಯಾಟ್ 15ರಿಂದ 8 ಪರ್ಸೆಂಟ್‌ಗೆ ಇಳಿಸಿದ್ದು, ಕೋವಿಡ್‌ನಲ್ಲಿ ಪ್ರವಾಸಿಗರು ನಿಂತಿದ್ದು, 2021ರಲ್ಲಿ ರಾಸಾಯನಿಕ ಗೊಬ್ಬರ ನಿಲ್ಲಿಸಿ ಭತ್ತ, ಟೀ ಬಿದ್ದಿದ್ದು, 2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟಲ್ಲ ಅಂತ ಹೇಳಿದ್ದು, 2023ರ ಮಾರ್ಚ್‌ನಲ್ಲಿ ಐಎಂಎಫ್‌ನ ಸುಮಾರು 3 ಬಿಲಿಯನ್ ಡಾಲರ್ ಪ್ಯಾಕೇಜ್. ಇದಕ್ಕೂ ಅದೇ ಮೂರು ಕಾಲಂ ಹಾಕಿ, ಒಂದನೇ ಕಾಲಂನಲ್ಲಿ ಡಾಲರ್ ರೇಟಿನ ಪಕ್ಕ ವಿದೇಶಿ ವಿನಿಮಯ ಮೀಸಲು ಎಷ್ಟಿತ್ತು ಅಂತ ಬರ್ಕೊಳ್ತಾ ಹೋಗಿ, 2019ರ ಜನವರಿಯಿಂದ ಶುರು ಮಾಡಿ.